ಮಡಿಕೇರಿ ಮಳೆಗೆ ಲಿಲ್ಲಿ ಗೆಡ್ಡೆ ಕೊಳೆಯದಂತೆ

ಲಿಲ್ಲಿ ಗೆಡ್ಡೆಗೆ ಈರುಳ್ಳಿಯಂತೆ ಹೊರಸಿಪ್ಪೆ ಇಲ್ಲ. ಗೆಡ್ಡೆಯ ದಪ್ಪ ಎಸಳುಗಳ ಸಂದಿಯಲ್ಲಿ ನೀರು ನಿಂತರೆ ಬುಡದಿಂದಲೇ ಕೊಳೆಯುತ್ತದೆ. ಜುಲೈಯಲ್ಲಿ ಎಲೆ ಹಳದಿಯಾದದ್ದನ್ನು ಗೊಬ್ಬರದ ಕೊರತೆ ಎಂದುಕೊಂಡದ್ದೇ ನನ್ನ ತಪ್ಪು. ಅಗೆದಾಗ ಬುಡ ಕಂದಾಗಿತ್ತು, ಮುಟ್ಟಿದರೆ ಎಸಳು ಒಂದೊಂದಾಗಿ ಕಳಚಿ ಬರುತ್ತಿತ್ತು.

ಗಟ್ಟಿಯಾಗಿ ಉಳಿದ ಗೆಡ್ಡೆಗಳ ಕೊಳೆತ ಭಾಗ ಕತ್ತರಿಸಿ, ಲೀಟರಿಗೆ 2 ಗ್ರಾಂ ಕಾರ್ಬೆಂಡಜಿಂ ಎಂಬ ಶಿಲೀಂಧ್ರನಾಶಕ ಬೆರೆಸಿದ ನೀರಿನಲ್ಲಿ 20 ನಿಮಿಷ ಅದ್ದಿಟ್ಟು (ಕೈಗವಸು ಬೇಕೇ ಬೇಕು), ನೆರಳಲ್ಲಿ ಆರಿಸಿದೆ. ಬಿಸಿಲಿಗಿಟ್ಟರೆ ಬಾಡುತ್ತವೆ. ಮಡಿಯನ್ನು 1 ಅಡಿ ಎತ್ತರಿಸಿ, ಇಳಿಜಾರಿನ ಮೇಲ್ಬದಿಗೆ ಚರಂಡಿ ತೋಡಿದೆ. ಗುಂಡಿಯ ತಳಕ್ಕೆ 2 ಇಂಚು ಹೊಳೆಮರಳು; ಗೆಡ್ಡೆಯನ್ನು ತುಸು ವಾಲಿಸಿಟ್ಟು ಮೇಲೆ 5 ಇಂಚು ಮಣ್ಣು. ಕಾಫಿ ತೋಟದ ತರಗಿನ ಹೊದಿಕೆ ಬೇಸಿಗೆಗೆ ಚೆನ್ನ, ಆದರೆ ಮಳೆಗೆ ಮುಂಚೆ, ಮೇ ಕೊನೆಗೆ ತೆಗೆಯಲೇಬೇಕು.