ಲಂದೋದಲ್ಲಿ ‘ಒಂದು’ ಎಲ್ಲಿದೆ?

ಕೆಲಸದ ಮೇಲೆ ಪೆರುವಿನ ಲಿಮಾದಲ್ಲಿ ಎರಡು ವರ್ಷ ಇದ್ದಾಗ ನಾನು ಕಹೋನ್ ಕಲಿತೆ. ಅಲ್ಲಿನ ಆಫ್ರಿಕಾ ಮೂಲದವರ ಸಂಗೀತದ ತಾಳವಾದ್ಯ ಅದು. ತಲೆಬರಹದ ಲಂದೋ ಆ ಸಂಗೀತದ ಒಂದು ಕುಣಿತ, ‘ಒಂದು’ ಅಂದರೆ ಅದರ ತಾಳದ ಮೊದಲ ಎಣಿಕೆ. ಕಹೋನ್ ಅಂದರೆ ಸ್ಪ್ಯಾನಿಷ್‌ನಲ್ಲಿ ದೊಡ್ಡ ಪೆಟ್ಟಿಗೆ, ಅಷ್ಟೇ. ಅದರ ಮೇಲೇ ಕೂತು, ಕಾಲುಗಳ ನಡುವೆ ಬರುವ ತೆಳು ಹಲಗೆಯನ್ನು ಎರಡೂ ಕೈಯಿಂದ ಬಾರಿಸಬೇಕು. ಹಿಂಬದಿಯಲ್ಲಿ ದುಂಡನೆಯ ತೂತು. ಚರ್ಮವಿಲ್ಲ, ಶ್ರುತಿ ಕೂಡಿಸುವ ಗೋಜಿಲ್ಲ. ಚಿಕ್ಕಂದಿನಲ್ಲಿ ಏಳು ವರ್ಷ ಮೃದಂಗ ಕಲಿತವನು ನಾನು. ಪೆಟ್ಟಿಗೆ ತಾನೇ, ಒಂದು ತಿಂಗಳು ಸಾಕು ಅಂದುಕೊಂಡಿದ್ದೆ.

ಮೊದಲ ದಿನವೇ ಮಾನ ಹೋಯಿತು. ಅಂಗಡಿಯಿಂದ ಕೊಂಡು ಹೊತ್ತುಕೊಂಡು ಹೋಗಿದ್ದ ಕಹೋನ್ ತಟ್ಟಿದರೆ ಚರ್‍ರ್ ಅನ್ನುತ್ತಿತ್ತು. ಮೇಷ್ಟ್ರು ಕಣ್ಣು ಕಿರಿದು ಮಾಡಿ, “ತಮ್ಮಾ, ಇದು ಸ್ಪೇನಿನದು” ಅಂದರು. ಒಳಗೆ ಗಿಟಾರ್ ತಂತಿ ಕಟ್ಟಿದ್ದು ಅಲ್ಲಿನ ಫ್ಲಾಮೆಂಕೊ ಸಂಗೀತದವರ ಪದ್ಧತಿಯಂತೆ. ಪೆರುವಿನ ಕಹೋನ್‌ಗೆ ತಂತಿ ಇಲ್ಲ. 1977ರಲ್ಲಿ ಸ್ಪೇನಿನ ಫ್ಲಾಮೆಂಕೊ ಗಿಟಾರ್ ವಾದಕ ಪಾಕೊ ದೆ ಲೂಸಿಯಾ ಲಿಮಾಗೆ ಬಂದಿದ್ದರು. ಅಲ್ಲಿ ಕಹೋನ್ ವಾದಕ ಕೈತ್ರೊ ಸೊತೊ ಬಾರಿಸಿದ್ದನ್ನು ಕೇಳಿ ಮನಸೋತು, ಒಂದು ಕಹೋನನ್ನು ಸ್ಪೇನಿಗೆ ತೆಗೆದುಕೊಂಡು ಹೋದರು. ಅಲ್ಲಿಂದ ಅದು ಊರೂರು ಸುತ್ತಿತು. ಬೆಂಗಳೂರಿನ ಕೆಫೆಗಳಲ್ಲಿ ಗಿಟಾರಿನವರ ಪಕ್ಕ ಕಾಣುವುದೂ ಹೆಚ್ಚಾಗಿ ಆ ತಂತಿಯದೇ. ಇದು ಸ್ಪೇನಿನ ವಾದ್ಯ ಅಂತ ಯಾರಾದರೂ ಅಂದರೆ ಲಿಮಾದವರಿಗೆ ಉರಿಯುತ್ತದೆ. ಪೆರು ಸರ್ಕಾರ 2001ರಲ್ಲಿ ಕಹೋನನ್ನು ದೇಶದ ಸಾಂಸ್ಕೃತಿಕ ಸ್ವತ್ತು ಅಂತ ಘೋಷಿಸಿದೆ. ಅವತ್ತು ರಾತ್ರಿ ನಾನು ಇಕ್ಕಳ ಹಿಡಿದು ತಂತಿಗಳನ್ನೆಲ್ಲ ಕಿತ್ತುಹಾಕಿದೆ.

ಕಲಿಕೆ ಶುರುವಾಗಿದ್ದು ಫೆಸ್ತೆಹೊದಿಂದ. ಹೆಸರೇ ಹೇಳುವ ಹಾಗೆ ಹಬ್ಬದ ಕುಣಿತ. ಆವರ್ತಕ್ಕೆ, ಅಂದರೆ ತಾಳದ ಒಂದು ಸುತ್ತಿಗೆ, ಹನ್ನೆರಡು ಸಣ್ಣ ಎಣಿಕೆ. ನಾಲ್ಕು ಸಲ ತಕಿಟ ಅಂದರೆ ಮುಗಿಯಿತು ಅಂತ ನಾನು ಒಳಗೊಳಗೇ ಹಿಗ್ಗಿದೆ. ಆದರೆ ಕಾಲು ಮೂರರ ಗುಂಪಿನಲ್ಲಿ ನಡೆಯುವಾಗ ಗಿಟಾರು ಎರಡರ ಗುಂಪಿಗೆ ಜಾರುತ್ತದೆ. ತಕಿಟ ತಕಿಟದ ಮೇಲೆ ತಕ ತಕ ತಕ. ಇನ್ನೊಬ್ಬರು ಕತ್ತೆಯ ದವಡೆ ಮೂಳೆ ಹಿಡಿದು ಗುದ್ದುತ್ತಾರೆ. ಒಣಗಿ ಸಡಿಲವಾದ ಹಲ್ಲುಗಳು ಗಲಗಲ ಅನ್ನುತ್ತವೆ. ಅದಕ್ಕೆ ಕಿಹಾದ ಅಂತ ಹೆಸರು. ಮತ್ತೊಬ್ಬರ ಕೊರಳಲ್ಲಿ ಕಹೀತ, ಅಂದರೆ ಪುಟ್ಟ ಪೆಟ್ಟಿಗೆ. ಚರ್ಚಿನ ಕಾಣಿಕೆ ಡಬ್ಬಿಯಿಂದ ಬಂದದ್ದು ಅನ್ನುತ್ತಾರೆ. ಒಂದು ಕೈಯಲ್ಲಿ ಮುಚ್ಚಳ ಟಪ್ಪನೆ ಮುಚ್ಚಿ ತೆಗೆಯುತ್ತ, ಇನ್ನೊಂದರಲ್ಲಿ ಕೋಲಿನಿಂದ ಹೊಡೆಯುವುದು. ಇದೆಲ್ಲದರ ನಡುವೆ ನನ್ನ ತಕಿಟ ಎಲ್ಲೋ ಕಳೆದುಹೋಗುತ್ತಿತ್ತು.

ಕೈಯ ಕಷ್ಟ ಬೇರೆ. ಮೃದಂಗದಲ್ಲಿ ಬೆರಳುಗಳಿಗೆ ಬೇರೆ ಬೇರೆ ಕೆಲಸ. ಇಲ್ಲಿ ತಗ್ಗಿನ ನಾದಕ್ಕೆ ಹಲಗೆಯ ನಡುಭಾಗಕ್ಕೆ ಇಡೀ ಅಂಗೈ ಬೀಳಬೇಕು, ಚುರುಕು ನಾದಕ್ಕೆ ಮೇಲಂಚಿಗೆ ಬೆರಳುಗಳು. ಹೆಬ್ಬೆರಳು ಅಂಚಿಗೆ ತಾಗಿ ತಾಗಿ ಬಾತುಕೊಂಡಿತು. ಮೇಲಿನ ಮೂಲೆಯ ತಿರುಪುಗಳನ್ನು ಒಂದು ಸುತ್ತು ಸಡಿಲ ಮಾಡಿದ ಮೇಲೆ ಏಟಿನ ನಾದ ತೆರೆದುಕೊಂಡಿತು. ಇದನ್ನು ನನಗೆ ಮೊದಲೇ ಯಾರೂ ಹೇಳಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಆದರೆ ನನ್ನ ನಿಜವಾದ ರೋಗ ಬೇರೆಯೇ ಇತ್ತು. ಖಾಲಿ ಜಾಗ ಕಂಡರೆ ತುಂಬಿಬಿಡುವುದು. ಮೃದಂಗದ ತನಿಯಲ್ಲಿ ಮೋರಾ, ಕೋರ್ವೆ ಅಂತ ಮುಕ್ತಾಯದ ಲೆಕ್ಕಗಳನ್ನು ಕಟ್ಟಿ ಸಮಕ್ಕೆ, ಅಂದರೆ ತಾಳದ ಮೊದಲ ಎಣಿಕೆಗೆ, ಬಂದು ಬೀಳುವ ಖುಷಿ ಬಿಡಲಾಗಲಿಲ್ಲ. ಒಂದು ಸಂಜೆ ಕುಣಿಯುತ್ತಿದ್ದ ಹುಡುಗಿ ಅರ್ಧಕ್ಕೇ ನಿಂತು, “ನೀನೇ ಕುಣಿ, ನನಗೆ ಜಾಗ ಎಲ್ಲಿದೆ?” ಅಂದಳು. ಮೇಷ್ಟ್ರು ನಗಲಿಲ್ಲ. ಅಲ್ಲಿ ಬಾಸೆ ಬೇರೆ, ರೆಪಿಕೆ ಬೇರೆ. ಬಾಸೆ ಅಂದರೆ ಹಾಡಿನುದ್ದಕ್ಕೂ ಬದಲಾಗದ ಅಡಿಪಾಯ. ರೆಪಿಕೆ ಅಂದರೆ ಅದರ ಮೇಲೆ ಆಡುವ ಏಟುಗಳು. ನನಗೆ ನಾಲ್ಕು ತಿಂಗಳು ಬರೀ ಬಾಸೆ. ಬೇಜಾರಾಯಿತು. ಆಮೇಲೆ ಗೊತ್ತಾಯಿತು, ಹತ್ತು ನಿಮಿಷ ಒಂದೇ ಸಮನೆ ಬಾಸೆ ಹಿಡಿಯಲು ನನಗೆ ಬರುತ್ತಲೇ ಇರಲಿಲ್ಲ. ಮೂರನೇ ನಿಮಿಷಕ್ಕೆ ಲಯ ಓಡಿಸುತ್ತಿದ್ದೆ.

ಆ ತಿಂಗಳುಗಳಲ್ಲೇ ಒಮ್ಮೆ ಕೇಳಿದೆ: “ಮೇಷ್ಟ್ರೇ, ನೀವು ಹೇಳಿಕೊಡುವ ಈ ಏಟು ಎಷ್ಟು ಹಳೆಯದು?” ನಾಲ್ಕು ನೂರು ವರ್ಷ, ಆಫ್ರಿಕಾದಿಂದ ಬಂದದ್ದು ಅನ್ನುತ್ತಾರೆ ಅಂತ ಕಾದಿದ್ದೆ. “ಎಪ್ಪತ್ತರ ದಶಕದಲ್ಲಿ ವೇದಿಕೆಯ ಮೇಲೆ ಕಲಿತದ್ದು” ಅಂದರು.

ಮೋಸಹೋದ ಹಾಗೆ ಅನಿಸಿತು, ಸುಳ್ಳು ಹೇಳಲಾರೆ. ಆಮೇಲೆ ಓದಿ, ಕೇಳಿ ತಿಳಿದುಕೊಂಡೆ. 16ನೇ ಶತಮಾನದಿಂದಲೇ ಆಫ್ರಿಕಾದ ಜನರನ್ನು ಗುಲಾಮರಾಗಿ ಪೆರುವಿಗೆ ತಂದರು. ಕಾರ್ತಹೇನ, ಪನಾಮ ದಾಟಿಸಿ ಕಯ್ಯಾವೊ ಬಂದರಿಗೆ. ಬೇರೆ ಬೇರೆ ನಾಡಿನವರು, ಬೇರೆ ಬೇರೆ ಮಾತಿನವರು. ಕರಾವಳಿಯ ಕಬ್ಬು, ದ್ರಾಕ್ಷಿ ತೋಟಗಳಲ್ಲಿ ದುಡಿದರು. ಗುಲಾಮಗಿರಿ ಹೋದದ್ದು 1854ರಲ್ಲಿ. 20ನೇ ಶತಮಾನ ಬರುವಷ್ಟರಲ್ಲಿ ಅವರ ಹಾಡು ಕುಣಿತ ಎಷ್ಟೋ ಅಳಿದಿತ್ತು. ಉಳಿದದ್ದು ಕೆಲವು ಮನೆತನಗಳ ಹಿರಿಯರ ನೆನಪಿನಲ್ಲಿ, ಅದೂ ತುಣುಕು ತುಣುಕಾಗಿ. 1956ರಲ್ಲಿ ವಿದ್ವಾಂಸ ಹೊಸೆ ದುರಾಂದ್ ಒಂದು ತಂಡ ಕಟ್ಟಿ ಅವನ್ನು ಲಿಮಾದ ರಂಗಕ್ಕೆ ತಂದರು. ಅದರ ಬೆನ್ನಿಗೇ ಕವಿ ನಿಕೊಮೆದೆಸ್ ಸಾಂತಾ ಕ್ರೂಸ್ ಮತ್ತು ಅವರ ಅಕ್ಕ ವಿಕ್ತೋರಿಯಾ ತಮ್ಮ ತಂಡ ಕಟ್ಟಿದರು. 1969ರಲ್ಲಿ ರೊನಾಲ್ದೊ ಕಾಂಪೊಸ್ ಅವರ ಪೆರು ನೆಗ್ರೊ ತಂಡ ಬಂತು. ಇಲ್ಲದ ಕಡೆ ಇವರೆಲ್ಲ ಹೊಸದಾಗಿ ಹೆಣೆದರು. ಕುಣಿತಗಳನ್ನು ಮತ್ತೆ ಕಟ್ಟುವಾಗ ವಿಕ್ತೋರಿಯಾ ನೆಚ್ಚಿದ್ದು ಪುಸ್ತಕವನ್ನಲ್ಲ, ತನ್ನ ಮೈಯೊಳಗಿನ ಪೂರ್ವಿಕರ ನೆನಪನ್ನು. ಈಗ ಈ ಮೇಳಗಳಲ್ಲಿ ಕೇಳುವ ಕೊಂಗ, ಬೊಂಗೊ ಡೋಲುಗಳು ಕ್ಯೂಬಾದ ಕಡೆಯಿಂದ ಬಂದವು.

ಹಾಗಾದರೆ ಇದು ಅಸಲಿಯಲ್ಲವಾ? ನನ್ನ ಸಿಟ್ಟು ಜಾಸ್ತಿ ದಿನ ಉಳಿಯಲಿಲ್ಲ. ಕರ್ನಾಟಕ ಸಂಗೀತದ ಯಾವ ಕಛೇರಿ ಪದ್ಧತಿಯನ್ನು ಅನಾದಿ ಅಂದುಕೊಂಡು ನಾನು ಬೆಳೆದೆನೋ, ಅದಕ್ಕೂ ಈಗಿನ ರೂಪ ಬಂದದ್ದು ಕಳೆದ ಶತಮಾನದ ಗಾಯಕ ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ಯರ ಕಾಲದಲ್ಲಿ ಅಲ್ವಾ? ತಮ್ಮಿಂದ ಬೇರೆಯವರು ಕಿತ್ತುಕೊಂಡದ್ದನ್ನು ಮತ್ತೆ ಕಟ್ಟಿಕೊಂಡವರ ಹತ್ತಿರ ಹೋಗಿ ರಸೀದಿ ಕೇಳುವುದು ನನಗೆ ಸರಿ ಕಾಣಲಿಲ್ಲ.

ಕೊನೆಗೆ ಲಂದೋ. ಇದು ನಿಧಾನದ್ದು, ತೂಗಾಡುವಂಥದ್ದು. ಅಂಗೋಲದ ಲುಂದು ಕುಣಿತದಿಂದ ಬಂದದ್ದು ಅಂತ ನಿಕೊಮೆದೆಸ್ ವಾದ. ಎಲ್ಲ ಪಂಡಿತರೂ ಒಪ್ಪುವುದಿಲ್ಲ. ನನಗೆ ಸಿಕ್ಕಿಹಾಕಿಕೊಂಡದ್ದು ಅದಕ್ಕಿಂತ ಸಣ್ಣ ಪ್ರಶ್ನೆ: ಇದರ ಸಮ ಎಲ್ಲಿ? ಗಿಟಾರು ಒಂದು ಕಡೆ ಎತ್ತಿಕೊಳ್ಳುತ್ತದೆ, ಹಾಡು ಇನ್ನೊಂದು ಕಡೆ. ಕಹೋನಿನ ಭಾರದ ಏಟು ನಾನು ಎಣಿಸಿದ ಒಂದರ ಮೇಲೆ ಕೂರುವುದೇ ಇಲ್ಲ. ಮೂವರನ್ನು ಕೇಳಿದೆ, ಇಬ್ಬರು ಬೇರೆ ಬೇರೆ ಜಾಗ ತೋರಿಸಿದರು. ಮೂರನೆಯವರು, “ಯಾಕೆ ಬೇಕು?” ಅಂದರು.

ಆ ಡಿಸೆಂಬರ್‌ನಲ್ಲಿ ಚಿಂಚ ಹತ್ತಿರದ ಎಲ್ ಕಾರ್ಮೆನ್‌ಗೆ ಹೋದೆ. ಲಿಮಾದಿಂದ ದಕ್ಷಿಣಕ್ಕೆ ಸುಮಾರು 200 ಕಿಲೋಮೀಟರ್. ಕ್ರಿಸ್‌ಮಸ್‌ಗೆ ಅಲ್ಲಿ ಅತಾಹೊ ದೆ ನೆಗ್ರೀತೊಸ್ ಕುಣಿಯುತ್ತಾರೆ. 2019ರಲ್ಲಿ ಆ ಕುಣಿತ ಯುನೆಸ್ಕೊದ ಪರಂಪರೆ ಪಟ್ಟಿಗೂ ಸೇರಿದೆ. ಅಲ್ಲಿ ಕಹೋನ್ ಇಲ್ಲವೇ ಇಲ್ಲ! ಒಂದು ಪಿಟೀಲು, ಕೈಯಲ್ಲಿ ಪುಟ್ಟ ಗಂಟೆ, ಉಳಿದದ್ದೆಲ್ಲ ಬೂಟುಗಾಲಿನ ತಾಳ. ಹತ್ತು ವರ್ಷದ ಹುಡುಗರು ಇಡೀ ಲೆಕ್ಕವನ್ನು ಹಿಮ್ಮಡಿಯಲ್ಲೇ ಇಟ್ಟುಕೊಂಡಿದ್ದರು. ವಾಪಸ್ ಬಂದು ಕೈಗಿಂತ ಮೊದಲು ಕಾಲಿಗೆ ಲಂದೋ ಕಲಿಸಿದೆ. ಮನೆಯಲ್ಲಿ ಸುಮ್ನೆ ಓಡಾಡುವಾಗ, ಪಾತ್ರೆ ತೊಳೆಯುವಾಗ, ಬರೀ ಹೆಜ್ಜೆ. ಮೂರು ವಾರದ ಮೇಲೆ ಕೈ ತಾನಾಗಿ ಬಂದು ಸೇರಿಕೊಂಡಿತು.

ನನ್ನ ನೋಟ್‌ಬುಕ್‌ನ ಲಂದೋ ಪುಟದಲ್ಲಿ ಸಮದ ಗುರುತು ಮೂರು ಕಡೆ ಇದೆ. ಎರಡನ್ನು ಹೊಡೆದುಹಾಕಿದ್ದೇನೆ. ಮೂರನೆಯದು ಈಗಲೂ ಪೆನ್ಸಿಲ್‌ನಲ್ಲೇ ಇದೆ.