ಪುಸ್ತಕ ಕೊಳ್ಳುವ ಮುನ್ನ ಐಎಸ್‌ಬಿಎನ್ ಬರೆದಿಟ್ಟುಕೊಳ್ಳಿ

ಪುಸ್ತಕದ ಹೆಸರು ಹೇಳಿದೊಡನೆ ಕಪಾಟಿನತ್ತ ತಿರುಗಿಯೂ ನೋಡದೆ ‘ಇಲ್ಲ’ ಎಂದುಬಿಡುವ ಅಂಗಡಿಗಳಿಂದ ಬೇಸತ್ತು ಆನ್‌ಲೈನ್ ಖರೀದಿಗೆ ಹೊರಳಿದವರು ಬಹಳ ಮಂದಿ, ಅವರನ್ನು ದೂರುವಂತಿಲ್ಲ. ಆದರೆ ಎರಡೂ ಕಡೆ ಉಪಯೋಗಕ್ಕೆ ಬರುವುದು ಹಿಂಬದಿಯ ರಕ್ಷಾಪುಟದಲ್ಲಿ ಬಾರ್‌ಕೋಡ್ ಬಳಿ ಅಚ್ಚಾಗಿರುವ ಐಎಸ್‌ಬಿಎನ್, ಅಂದರೆ ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಪ್ರಮಾಣಿತ ಸಂಖ್ಯೆ. 2007ರಿಂದ ಇದು 13 ಅಂಕಿಗಳದ್ದಾಗಿದೆ. ಅದಕ್ಕೂ ಹಿಂದಿನ ಪುಸ್ತಕಗಳಲ್ಲಿ ಸಾಮಾನ್ಯವಾಗಿ 10 ಅಂಕಿಗಳಿರುತ್ತವೆ. ಗಟ್ಟಿ ರಟ್ಟಿನ ಪ್ರತಿಗೂ ಸಾದಾ ರಟ್ಟಿನ ಪ್ರತಿಗೂ, ಪರಿಷ್ಕೃತ ಆವೃತ್ತಿಗೂ ಬೇರೆ ಬೇರೆ ಸಂಖ್ಯೆ ಇರುವುದರಿಂದ, ಹೆಸರಿನ ಬದಲು ಸಂಖ್ಯೆಯಿಂದಲೇ ಹುಡುಕಿದರೆ ಹಳೆಯ ಆವೃತ್ತಿ ಮನೆಗೆ ಬರುವ ಸಂಭವ ಕಡಿಮೆ. ಅಂಗಡಿಯಲ್ಲಿಯೂ ಇದನ್ನೇ ಕೊಟ್ಟು ಕಂಪ್ಯೂಟರಿನಲ್ಲಿ ನೋಡುವಂತೆ ವಿನಂತಿಸಿ. ದಾಸ್ತಾನಿಲ್ಲದಿದ್ದರೆ ತರಿಸಿಕೊಡುವರೇ ಎಂದು ಕೇಳಿ. ಆಗಲೂ ಉದಾಸೀನವೇ ಎದುರಾದರೆ, ಪುಸ್ತಕ ಹಿಂತಿರುಗಿಸುವ ನಿಯಮಗಳನ್ನು ಮೊದಲೇ ಓದಿಕೊಂಡು ಆನ್‌ಲೈನ್‌ನಲ್ಲಿ ತರಿಸಿಕೊಳ್ಳಿ.