ತಾತ ತೀರಿಕೊಂಡ ಬಳಿಕ ಮಾಡಿಸಬೇಕಾದ ಕಾಗದಪತ್ರಗಳು

ಸಾವಿನ ಮನೆಯಲ್ಲಿ ಕಚೇರಿ ಕೆಲಸದ ಮಾತೆತ್ತುವುದು ಯಾರಿಗೂ ಹಿತವೆನಿಸದು. ಆದರೂ ಕೆಲವು ಕೆಲಸಗಳಿಗೆ ಕಾನೂನೇ ಗಡುವು ಹಾಕಿದೆ. ಅದು ಮೀರಿದರೆ ಪೆಟ್ಟು ಬೀಳುವುದು ಹೆಚ್ಚಾಗಿ ಒಂಟಿಯಾಗಿ ಉಳಿದ ಅಜ್ಜಿಗೆ. ಉತ್ತರಕ್ರಿಯೆಯ ಹೊಣೆ ಹೊತ್ತವರನ್ನು ಬಿಟ್ಟು ಬೇರೊಬ್ಬರು, ಮೊಮ್ಮಗಳಾಗಲಿ ಮೊಮ್ಮಗನಾಗಲಿ, ಕಾಗದಪತ್ರದ ಕೆಲಸವನ್ನು ಮೊದಲ ದಿನದಿಂದಲೇ ವಹಿಸಿಕೊಳ್ಳುವುದು ಒಳ್ಳೆಯದು.

ತಾತ ನೇತ್ರದಾನಕ್ಕೆ ಒಪ್ಪಿದ್ದರೆ ಎಲ್ಲಕ್ಕಿಂತ ಮೊದಲು ನೇತ್ರಬ್ಯಾಂಕಿಗೆ ಕರೆ ಮಾಡಬೇಕು, ಏಕೆಂದರೆ ಆರು ಗಂಟೆಯೊಳಗೆ ಕಣ್ಣು ಪಡೆಯಬೇಕಾಗುತ್ತದೆ. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ತಲೆಯನ್ನು ದಿಂಬಿನ ಮೇಲೆ ತುಸು ಎತ್ತರಿಸಿ, ಫ್ಯಾನ್ ಆರಿಸಿ. ಪೊರೆಯ ಶಸ್ತ್ರಚಿಕಿತ್ಸೆ ಆಗಿದ್ದರೂ ದಾನಕ್ಕೆ ಅಡ್ಡಿಯಿಲ್ಲ.

ಇನ್ನು ಮರಣ ನೋಂದಣಿ. ಆಸ್ಪತ್ರೆಯಲ್ಲಿ ತೀರಿಕೊಂಡರೆ ಆಸ್ಪತ್ರೆಯವರೇ ನೋಂದಣಾಧಿಕಾರಿಗೆ ವರದಿ ಕಳಿಸುತ್ತಾರೆ. ಮನೆಯಲ್ಲಾದರೆ ವರದಿ ಮಾಡುವ ಹೊಣೆ ಮನೆಯ ಯಜಮಾನರದ್ದು. ಚಿಕಿತ್ಸೆ ನೀಡುತ್ತಿದ್ದ ವೈದ್ಯರಿಂದ ಸಾವಿನ ಕಾರಣ ತಿಳಿಸುವ ನಮೂನೆ 4ಎ ಪಡೆದು, ಸ್ಮಶಾನದ ರಸೀದಿಯನ್ನೂ ಜೋಪಾನ ಮಾಡಿ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ 21 ದಿನದೊಳಗೆ ನೋಂದಾಯಿಸಿದರೆ ಶುಲ್ಕವಿಲ್ಲ, ವರದಿ ಮಾಡಿದವರಿಗೆ ಪ್ರಮಾಣಪತ್ರವೂ ಉಚಿತ. 30 ದಿನದವರೆಗೆ ತಡದ ಶುಲ್ಕ ಕಟ್ಟಿದರೆ ಸಾಕು. ಆಮೇಲೆ ಮೇಲಧಿಕಾರಿಯ ಲಿಖಿತ ಅನುಮತಿ ಬೇಕು, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕು.

ಈ ಹಂತದಲ್ಲಿ ಅತಿ ಹೆಚ್ಚು ಎಚ್ಚರ ಬೇಕಾಗಿರುವುದು ಹೆಸರಿನ ವಿಷಯದಲ್ಲಿ. ಪಹಣಿಯಲ್ಲಿ ‘ತಿಮ್ಮಯ್ಯ ಬಿನ್ ಕರಿಯಪ್ಪ’ ಎಂದಿರುತ್ತದೆ, ಆಧಾರ್‌ನಲ್ಲಿ ‘ಕೆ. ತಿಮ್ಮಯ್ಯ’, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ‘ತಿಮ್ಮಪ್ಪ’. ದುಃಖದ ಗಡಿಬಿಡಿಯಲ್ಲಿ ಯಾರೋ ಊರಿನವರು ಕರೆಯುವ ನಾಲ್ಕನೆಯ ಹೆಸರನ್ನು ಬರೆಸಿಬಿಡುತ್ತಾರೆ. ಆಮೇಲೆ ಇವರೆಲ್ಲ ಒಬ್ಬರೇ ಎಂದು ಪ್ರತಿ ಕಚೇರಿಯಲ್ಲೂ ಅಫಿಡವಿಟ್ ಕೊಡುತ್ತಾ ಅಲೆಯಬೇಕಾಗುತ್ತದೆ. ಆದ್ದರಿಂದ ಅರ್ಜಿ ತುಂಬುವ ಮೊದಲು ಈ ಮೂರೂ ದಾಖಲೆಗಳನ್ನು ಪಕ್ಕಪಕ್ಕದಲ್ಲಿಟ್ಟು, ತಂದೆಯ ಹೆಸರು, ಅಜ್ಜಿಯ ಹೆಸರು ಮತ್ತು ವಿಳಾಸವನ್ನು ಅಕ್ಷರ ಅಕ್ಷರವಾಗಿ ತಾಳೆ ನೋಡಿ.

ತಾತ ಪಿಂಚಣಿದಾರರಾಗಿದ್ದರೆ ಮರಣ ಪ್ರಮಾಣಪತ್ರ, ಪಿಂಚಣಿ ಪಾವತಿ ಆದೇಶ ಮತ್ತು ಅಜ್ಜಿಯ ಆಧಾರ್ ಹಿಡಿದು ಪಿಂಚಣಿ ಬರುವ ಬ್ಯಾಂಕಿಗೆ ಹೋಗಿ ಕುಟುಂಬ ಪಿಂಚಣಿಗೆ ಅರ್ಜಿ ಕೊಡಿ. ಸರ್ಕಾರ ವೃದ್ಧರಿಗೆ ಕೊಡುವ ಸಂಧ್ಯಾ ಸುರಕ್ಷಾ ಹಣ ಬರುತ್ತಿದ್ದರೆ ನಾಡಕಚೇರಿಗೆ ಸಾವಿನ ವಿಷಯ ತಿಳಿಸಿ, ಅಜ್ಜಿಗೆ ಸ್ವಂತ ಹೆಸರಿನಲ್ಲಿ ಯಾವ ವೇತನ ಸಿಗಬಹುದೆಂದು ಅಲ್ಲೇ ಕೇಳಿ. ಖರ್ಚಿಗೆ ಬೇಕೆಂದು ತಾತನ ಎಟಿಎಂ ಕಾರ್ಡಿನಿಂದ ಹಣ ತೆಗೆಯುವುದು ಅನೇಕ ಮನೆಗಳಲ್ಲಿ ನಡೆಯುತ್ತದೆ, ಆದರೆ ಅದು ಕಾನೂನಿಗೆ ವಿರುದ್ಧ. ನಿಧನದ ನಂತರದ ದಿನಗಳಿಗೆ ಜಮೆಯಾದ ಪಿಂಚಣಿಯನ್ನೂ ಮರಳಿಸಬೇಕಾಗುತ್ತದೆ. ಖಾತೆಗೆ ನಾಮಿನಿ ಇದ್ದರೆ ಹಣ ಬೇಗ ಕೈಸೇರುತ್ತದೆ. ಆದರೆ ನಾಮಿನಿ ಎಂದರೆ ಆ ಹಣದ ಒಡೆಯನಲ್ಲ. ವಾರಸುದಾರರ ಪರವಾಗಿ ಅದನ್ನು ಪಡೆಯುವವನು ಅಷ್ಟೆ.

ಜಮೀನಿದ್ದರೆ ಮೊದಲು ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಿ, ಅದರೊಂದಿಗೆ ಪೌತಿ ಖಾತೆಗೆ, ಅಂದರೆ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸಲು, ಅರ್ಜಿ ಹಾಕಬೇಕು. ಪಹಣಿಯಲ್ಲಿ ತೀರಿಹೋದವರ ಹೆಸರೇ ಮುಂದುವರಿದರೆ ಬೆಳೆ ಸಾಲ, ಬೆಳೆ ಪರಿಹಾರ, ಭೂಸ್ವಾಧೀನದ ಹಣ ಎಲ್ಲದಕ್ಕೂ ತೊಡಕು. ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಅತ್ತೆಯಂದಿರನ್ನು ಬಿಟ್ಟು ಗಂಡುಮಕ್ಕಳನ್ನಷ್ಟೇ ಬರೆಸುವ ರೂಢಿ ಇನ್ನೂ ಇದೆ. ಇದು ಅನ್ಯಾಯ, ಮುಂದೆ ಮನೆಯನ್ನು ಕೋರ್ಟಿಗೆ ಎಳೆಯುವ ತಪ್ಪೂ ಹೌದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ, ಉಯಿಲು ಬರೆಯದೆ ತೀರಿಕೊಂಡವರ ಸ್ವಯಾರ್ಜಿತ ಆಸ್ತಿಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ತಾಯಿ, ಎಲ್ಲರಿಗೂ ಸಮಪಾಲು ಇದೆ; ಮೊದಲೇ ತೀರಿಕೊಂಡ ಮಗನ ಪಾಲು ಅವನ ಹೆಂಡತಿ ಮತ್ತು ಮಕ್ಕಳಿಗೆ, ಮಗಳ ಪಾಲು ಅವಳ ಮಕ್ಕಳಿಗೆ ಸೇರುತ್ತದೆ. ಪಿತ್ರಾರ್ಜಿತ ಆಸ್ತಿಯಲ್ಲೂ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಸಮಾನ ಹಕ್ಕು ಕೊಟ್ಟಿದೆ; ಆ ತಿದ್ದುಪಡಿ ಬಂದಾಗ ತಂದೆ ಬದುಕಿರಬೇಕೆಂಬ ಷರತ್ತಿಲ್ಲವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಅತ್ತೆಯಂದಿರು ಮನಸಾರೆ ಪಾಲು ಬಿಡುವುದಾದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ ನೋಂದಾಯಿಸಲಿ. ಖಾಲಿ ಕಾಗದಕ್ಕೆ ಅವರ ಸಹಿ ಹಾಕಿಸಿಕೊಳ್ಳುವ ಕೆಲಸ ಬೇಡ.

ಉಳಿದವು ನಿಧಾನವಾಗಿ ಆಗಬಹುದು. ಪಡಿತರ ಚೀಟಿಯಿಂದ ಹೆಸರು ತೆಗೆಸಿ, ಮತದಾರರ ಪಟ್ಟಿಯಿಂದ ಕೈಬಿಡಲು ನಮೂನೆ 7 ಸಲ್ಲಿಸಿ, ವಿದ್ಯುತ್ ಮೀಟರು ಮತ್ತು ಗ್ಯಾಸ್ ಸಂಪರ್ಕವನ್ನು ಅಜ್ಜಿಯ ಹೆಸರಿಗೆ ಮಾಡಿಸಿ. ತಾತನ ಮೊಬೈಲ್ ಸಂಖ್ಯೆಯನ್ನು ಮಾತ್ರ ಬ್ಯಾಂಕ್ ಮತ್ತು ಪಿಂಚಣಿ ಕೆಲಸ ಪೂರ್ತಿ ಮುಗಿಯುವವರೆಗೆ ಚಾಲ್ತಿಯಲ್ಲಿಡಿ, ಏಕೆಂದರೆ ಅವರ ಖಾತೆಗಳಿಗೆ ಸಂಬಂಧಿಸಿದ ಸಂದೇಶಗಳು ಬರುವುದು ಆ ಸಂಖ್ಯೆಗೇ.